ಯಲಬುರ್ಗಾದಲ್ಲಿ ಇಂಜಿನ್ನು, ಇರಕಲ್ಲಗಡದಲ್ಲಿ ಗಾಲಿ

ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಕಳಕಮ್ಮನ ಬಲಗೈ ಹೆಬ್ಬೆರಳು ಸೊಟ್ಟಗಿತ್ತು. ರೊಟ್ಟಿ ಬಡಿಯುವಾಗ ಉಳಿದ ಬೆರಳೆಲ್ಲ ಒಂದು ಕಡೆ, ಅದೊಂದು ಬೇರೆ ಕಡೆ ನೋಡುತ್ತಿತ್ತು. ಹೊಸಬರು ಯಾರಾದರೂ ಕೇಳಿದರೆ, "ಮೋಟಾರು ಒದ್ದೈತ್ರಿ" ಎಂದು ಹೇಳಿ ತನ್ನ ಪಾಡಿಗೆ ರೊಟ್ಟಿ ತಿರುವಿ ಹಾಕುತ್ತಿದ್ದಳು. ಎಮ್ಮೆಯಿಂದ ಒದೆಸಿಕೊಂಡವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೋಟಾರಿನಿಂದ ಒದೆಸಿಕೊಂಡ ಹೆಂಗಸು ಮಾತ್ರ ಇವಳೊಬ್ಬಳೇ ಇರಬೇಕು.

ಆ ಹೆಬ್ಬೆರಳಿನ ಸುದ್ದಿಗೆ ಬರುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಕರಿಬಸಪ್ಪ, ಅಂದಪ್ಪ ಎಂಬ ಅಣ್ಣತಮ್ಮಂದಿರ ಮನೆ ಕಿರಿಸೊಸೆಯಿಂದ ಒಡೆಯಿತು ಎಂದು ಯಲಬುರ್ಗಾದ ಹೆಂಗಸರು ಬಾವಿಕಟ್ಟೆಯ ಮೇಲೆ ಕೂತು ಆಡಿಕೊಂಡರು. ಆ ಕಿರಿಸೊಸೆ ನಾನು, ಶೇಖರಮ್ಮ. ನವಲಿಯಿಂದ ಮದುವೆಯಾಗಿ ಬಂದ ನನ್ನ ಕಾಲಿನ ಅರಿಷಿಣ ಇನ್ನೂ ಮಾಸಿರಲಿಲ್ಲ. ನಾನೇನು ಮನೆ ಒಡೆಯುವುದು ನನ್ನ ತಲೆ! ಆ ಮನೆ ಒಡೆದದ್ದು ಮೋಟಾರಿನಿಂದ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಇನ್ನೊಂದು: ಅಂದಪ್ಪ ಎಂದರೆ ನಮ್ಮವರು. ಗಂಡನ ಹೆಸರು ಬಾಯಿಂದ ಹೇಳಬಾರದು ಎನ್ನುತ್ತಾರೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ.

ನಾನು ಅಕ್ಕ ಎನ್ನುತ್ತಿದ್ದ ಕಳಕಮ್ಮ ಕುಷ್ಟಗಿಯಿಂದ ಹಿರಿಸೊಸೆಯಾಗಿ ಬಂದಾಗ ನಮ್ಮವರು ಅಂಬೆಗಾಲಿಡುವ ಕೂಸು. ಅತ್ತೆ ಅದೇ ವರ್ಷ ತೀರಿಕೊಂಡಿದ್ದರಂತೆ. ಬಂದ ದಿನವೇ ಮೈದುನನನ್ನು ಸೊಂಟದ ಮೇಲೆ ಎತ್ತಿಕೊಂಡವಳು ಅವನನ್ನು ಎರೆದಳು, ಉಣ್ಣಿಸಿದಳು, ಸಾಲಿಗೆ ಕಳಿಸಿದಳು. ಆಕೆಗೆ ತನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ನಮ್ಮವರು ಆಕೆಯನ್ನು ಅತ್ತಿಗಿ ಎಂದವರೇ ಅಲ್ಲ. ಮೊದಲಿನಿಂದಲೂ "ಯವ್ವಾ" ಎನ್ನುತ್ತಿದ್ದರು.

ಮೋಟಾರು ಮನೆಗೆ ಬಂದದ್ದು ಮೂವತ್ತೆರಡನೆಯ ಇಸವಿಯ ಸುಮಾರಿಗೆ. ಭಾವ ಕರಿಬಸಪ್ಪನವರು ಹತ್ತಿ, ಶೇಂಗಾ ವ್ಯಾಪಾರಸ್ಥರು. ಗದಗಿನ ಪೇಟೆಯಲ್ಲಿ ಒಬ್ಬ ದಲಾಲಿ ಹೊಸ ಮೋಟಾರು ಕೊಂಡು ಹಳೆಯದನ್ನು ತೆಗೆದುಹಾಕುತ್ತಿದ್ದ. ಇವರು ಹತ್ತಿ ಮಾರಲು ಹೋದವರು ಮೋಟಾರು ತೆಗೆದುಕೊಂಡು ಬಂದರು. ಮೇಲೆ ಅರಿವೆಯ ಹೊದಿಕೆ, ಮುಂದೆ ಎರಡು ಹಿತ್ತಾಳೆ ದೀಪ, ಬಂಡಿಯ ಗಾಲಿಯ ಹಾಗೆಯೇ ಕಟ್ಟಿಗೆಯ ಕಡ್ಡಿ ಇದ್ದ ನಾಲ್ಕು ಗಾಲಿ, ಅವುಗಳಿಗೆ ರಬ್ಬರಿನ ಟಾಯರು. ಬರುವಾಗಲೇ ಅದು ಮುದಿಯಾಗಿತ್ತು. ಊರ ಹೊರಗೆ ನಿಂತುಬಿಟ್ಟದ್ದನ್ನು ಎತ್ತು ಕಟ್ಟಿ ಎಳೆದು ತಂದು ಆರತಿ ಮಾಡಿದರಂತೆ.

ಅದರ ಜೊತೆಗೆ ಜಿಲಾನಸಾಬ ಎಂಬ ಡ್ರೈವರು ಬಂದು ಕೆಲವು ದಿನ ಇದ್ದು ಕಲಿಸಿಕೊಟ್ಟ. ಭಾವನಿಗೆ ನಡೆಸುವುದನ್ನು ಕಲಿಸಿದ. ನಮ್ಮವರಿಗೆ ಮುಂದೆ ನಿಂತು ಹ್ಯಾಂಡಲ್ ತಿರುವಿ ಇಂಜಿನ್ನು ಸುರು ಮಾಡುವುದನ್ನು ಕಲಿಸಿದ. ಮುಚ್ಚಳ ಎತ್ತಿ ಒಳಗಿನ ಭಾಗ ತೋರಿಸುವಾಗ ಭಾವ ಮೀಸೆ ತಿರುವುತ್ತ ದಾರಿಯಲ್ಲಿ ಯಾರು ಯಾರು ನೋಡುತ್ತಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತು ನಿಜವಾಗಿ ನೋಡುತ್ತಿದ್ದವಳು ಅಕ್ಕ. ಊಟಕ್ಕೆ ಬಡಿಸುತ್ತ ಬಡಿಸುತ್ತ ಅವನನ್ನು ಕೇಳಿ ಕೇಳಿ ಎಲ್ಲ ತಿಳಿದುಕೊಂಡಳು. ಹೊರಡುವ ದಿನ ಜಿಲಾನಸಾಬ ನಕ್ಕು, "ಅಕ್ಕಾರ, ಮೋಟಾರು ನಿಮ್ಮ ಕೈಯಾಗ ಕೊಟ್ಟು ಹೊಂಟೀನ್ರಿ. ಸಾವಕಾರ್ರು ಬರೇ ಕುಂದ್ರಾಕ" ಎಂದನಂತೆ.

ಅವನ ಮಾತು ಖರೇ ಆಯಿತು. ಭಾವ ತಲೆಗೆ ರುಮಾಲು ಸುತ್ತಿ ಕುಳಿತು ನಡೆಸುವವರು. ಬ್ರೇಕು ಒತ್ತುವ ಮೊದಲು ಎತ್ತಿಗೆ ಹೇಳಿದ ಹಾಗೆ "ಹೋ, ಹೋ" ಎನ್ನುವುದು ಅವರ ರೂಢಿ. ನಮ್ಮವರು ಹ್ಯಾಂಡಲ್ ತಿರುವುವವರು. ಉಳಿದ ಚಾಕರಿಯೆಲ್ಲ ಅಕ್ಕನದು. ರಿಪೇರಿಗೆ ಗದಗಿಗೆ ಹೋಗಬೇಕು, ಹೋಗಬೇಕೆಂದರೆ ಮೋಟಾರು ನಡೆಯಬೇಕು. ಅದು ನಡೆಯುವುದಾದರೆ ರಿಪೇರಿ ಯಾಕೆ? ಹಾಗಾಗಿ ಅಕ್ಕ ಮನೆಯಲ್ಲಿದ್ದ ಸಾಮಾನಿನಲ್ಲೇ ಎಲ್ಲ ನಡೆಸಿದಳು. ಮುಂದಿನ ನೀರಿನ ಡಬ್ಬಿ ಸೋರಿತು ಎನ್ನಿ. ಜೋಳದ ಹಿಟ್ಟಿಗೆ ಅರಿಷಿಣ ಪುಡಿ ಕಲಸಿ ಒಳಗೆ ಹಾಕಿ ಇಂಜಿನ್ನು ಕಾಯಿಸಿದರೆ ಸಂದು ತಾನೇ ಮುಚ್ಚುತ್ತಿತ್ತು. ಏರು ಹತ್ತಿದಾಗ ಮೋಟಾರಿನ ಮೂತಿಯಿಂದ ಅಂಬಲಿಯ ವಾಸನೆ ಬರುತ್ತಿತ್ತು, ಅದು ಬೇರೆ ಮಾತು. ಮೇಲಿನ ಹೊದಿಕೆ ಹರಿದಾಗ ಹಳೇ ಸೀರೆ, ಧೋತರ ಸೇರಿಸಿ ಕೌದಿ ಹೊಲಿದು ಹಾಕಿದಳು. ಕೌದಿ ಹೊದ್ದ ಮೋಟಾರು ಇಡೀ ನಿಜಾಮನ ಸೀಮೆಯಲ್ಲಿ ನಮ್ಮದೊಂದೇ. ಟಾಯರಿಗೆ ಗಾಳಿ ಹಾಕುವ ಪಂಪಿನ ಚರ್ಮ ಸವೆದರೆ ಚಪ್ಪಲಿಯ ಚರ್ಮ ಕತ್ತರಿಸಿ ಔಡಲೆಣ್ಣೆಯಲ್ಲಿ ನೆನೆಯಿಟ್ಟು ಕೂಡಿಸುವಳು.

ತಪ್ಪುಗಳನ್ನೂ ಮಾಡಿದಳು, ಅಕ್ಕನೇನು ದೇವರಲ್ಲ. ಒಂದು ಸಲ ಬಂಡಿಯ ಕೀಲೆಣ್ಣೆ ಮುಗಿದಿತ್ತೆಂದು ಗಾಲಿಯ ಅಚ್ಚಿಗೆ ಬೆಣ್ಣೆ ಮೆತ್ತಿದಳು. ಭಾವ ಸಂತೆಗೆ ಹೋಗಿ ಮೋಟಾರು ನಿಲ್ಲಿಸಿದರೆ ಊರ ನಾಯಿಯೆಲ್ಲ ಗಾಲಿ ನೆಕ್ಕುತ್ತ ನಿಂತಿದ್ದವು. ಮೋಟಾರಿನ ಮೂತಿಯ ಮೇಲೆ ಕಂಪನಿಯ ಹೆಸರಿನ ಹಿತ್ತಾಳೆ ತಗಡಿತ್ತು. ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಂಬಿಗೆಯ ಹಾಗೆ ಉಜ್ಜಿ ಉಜ್ಜಿ ಹೆಸರೇ ಅಳಿಸಿಹೋಯಿತು. ಯಾವ ಕಂಪನಿಯದ್ರಿ ಎಂದು ಕೇಳಿದವರಿಗೆ ಭಾವ, "ನಮ್ಮದ" ಎಂದು ಹೇಳುತ್ತಿದ್ದರು.

ಹೀಗೆ ನಡೆದಿತ್ತು. ನಾನು ಬಂದ ವರ್ಷದ ಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮಲ್ಲಿ ತಪ್ಪದ ಮಾತು. ಅಕ್ಕ ಬಂಡಿ ಕಟ್ಟಿಸಿಕೊಂಡು ಕುಷ್ಟಗಿಗೆ ಮೊದಲೇ ಹೋಗಿದ್ದಳು. ನನಗೆ ನವಲಿಗೆ ಹೋಗಬೇಕಿತ್ತು. ನಮ್ಮವರು ಮೀಸೆ ಬಂದ ಗಂಡಸು, ಹೊಸ ಹೆಂಡತಿಯನ್ನು ತಾವೇ ಮೋಟಾರಿನಲ್ಲಿ ಕರೆದುಕೊಂಡು ಹೋಗುವ ಆಸೆ.

"ಅಣ್ಣಾ, ಈ ಸಲ ನಾನ ನಡಸಿಕೊಂಡು ಹೊಕ್ಕೀನಿ."

"ನೀನಾ? ಹ್ಯಾಂಡಲ್ ಹೊಡಿಯೂದು ಬ್ಯಾರೆ, ನಡಸೂದು ಬ್ಯಾರೆ. ಊರ ಮುಂದಿನ ಬೇವಿನ ಗಿಡಕ್ಕ ಒಯ್ದು ಹೊಡೀತಿ."

"ಹೊಡದ್ರ ಹೊಡೀತೀನಿ. ಮೋಟಾರು ನಿನ್ನೊಬ್ಬಂದ ಏನು?"

"ಓಹೋ! ಹಂಗಾರ ನಿನ್ನ ಪಾಲು ನೀ ತಗೊಂಡು ನಡಿ."

ಇಷ್ಟೇ. ನಾನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಬಸವಣ್ಣನ ಆಣೆ. ಆದರೆ ಗಂಡಸರ ಬಾಯಿಂದ ಪಾಲು ಎಂಬ ಮಾತು ಒಮ್ಮೆ ಬಿತ್ತೆಂದರೆ ತಿರುಗಿ ತೆಗೆದುಕೊಳ್ಳಲು ಇಬ್ಬರಿಗೂ ನಾಚಿಕೆ. ಪಂಚರು ಬಂದು ಕೂತರು. ಹೊಲ ಹಂಚಿದರು, ಇರಕಲ್ಲಗಡದ ಹೊಲಮನೆ ನಮಗೆ ಬಂತು. ಎತ್ತು, ಕೊಪ್ಪರಿಗೆ, ಒನಕೆ, ಎಲ್ಲ ಹಂಚಿದರು. ಮೋಟಾರಿಗೆ ಬಂದು ನಿಂತರು. ಅದರ ಬದಲು ಬೇರೆ ಏನಾದರೂ ತೆಗೆದುಕೊಳ್ಳಿ ಎಂದರೆ ಅಣ್ಣನೂ ಒಲ್ಲೆ ಎಂದ, ತಮ್ಮನೂ ಒಲ್ಲೆ ಎಂದ. ಕೊನೆಗೆ ಒಬ್ಬ ಹಿರಿಯ, ಆತನ ಬುದ್ಧಿಗೆ ಏನನ್ನಬೇಕೋ, ಬಂಡಿ ಪಾಲು ಮಾಡುವ ಹಾಗೆ ಮಾಡೋಣ ಎಂದ. ಒಬ್ಬನಿಗೆ ಮೈ, ಒಬ್ಬನಿಗೆ ಗಾಲಿ. ಯಾರೂ ನಗಲಿಲ್ಲ. ಮೋಟಾರನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ನಾಲ್ಕೂ ಗಾಲಿ ಬಿಚ್ಚಿ ನಮ್ಮ ಬಂಡಿಗೆ ಹೇರಿದರು.

ಸುದ್ದಿ ಕೇಳಿ ಅಕ್ಕ ಕುಷ್ಟಗಿಯಿಂದ ಬರುವುದಕ್ಕೂ ನಮ್ಮ ಬಂಡಿ ಹೊರಡುವುದಕ್ಕೂ ಸರಿಹೋಯಿತು. ನಮ್ಮವರು ಆಕೆಯ ಕಾಲು ಮುಟ್ಟಿ, "ಬರ್ತೀನ್ರಿ ಅತ್ತಿಗಿ" ಎಂದರು. ಮಾತು ಬಂದಾಗಿನಿಂದ ಯವ್ವಾ ಎಂದ ಬಾಯಿಂದ ಅತ್ತಿಗಿ ಬಂತು. ಸಿಟ್ಟು ಅಣ್ಣನ ಮೇಲಿನದು, ಬಿದ್ದದ್ದು ಆಕೆಯ ಮೇಲೆ. ಅಕ್ಕ ಕಣ್ಣೀರು ಹಾಕಲಿಲ್ಲ. ನನ್ನನ್ನು ಬದಿಗೆ ಕರೆದು ಹೇಳಿದಳು:

"ನಾ ಮನ್ಯಾಗ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ ನೋಡು ಶೇಖರವ್ವ. ಗಿಡಕ್ಕ ಹೊಡೀಲಿ ಬಿಡ್ರಿ, ನಾ ರಿಪೇರಿ ಮಾಡ್ತೀನಿ ಅಂತಿದ್ನಿ. ಅಷ್ಟ ಮಾತು ಸಾಕಿತ್ತು."

ಅಂದಿನಿಂದ ಆಕೆಗೆ ಬೇಕಾದದ್ದು ಒಂದೇ ಒಂದು. ಮೋಟಾರು ಮತ್ತೆ ತನ್ನ ನಾಲ್ಕು ಗಾಲಿಯ ಮೇಲೆ ನಿಲ್ಲಬೇಕು. ಅದು ನಿಂತ ದಿನ ತಾನು ಸಾಕಿದ ಮಗ ಮನೆಗೆ ಬರುತ್ತಾನೆ ಎಂಬ ನಂಬಿಕೆ. ಇಂಜಿನ್ನು ತುಕ್ಕು ಹಿಡಿದು ಹಾಳಾದರೆ ಗಾಲಿ ಬಂದೂ ಏನು ಮಾಡುವುದು? ಅದಕ್ಕೇ ಗಾಲಿಯಿಲ್ಲದ ಮೋಟಾರಿನ ಚಾಕರಿಯನ್ನು ಆಕೆ ಒಂದು ದಿನವೂ ಬಿಡಲಿಲ್ಲ. ಬರಿದಾದ ಅಚ್ಚಿನ ನಾಲ್ಕೂ ತುದಿಗೆ ಕೀಲೆಣ್ಣೆ ಹಚ್ಚಿ ತನ್ನ ಹಳೇ ಇಲಕಲ್ಲ ಸೀರೆಯ ಚಿಂದಿ ಸುತ್ತಿದಳು. ಮಳೆಗಾಲಕ್ಕೆ ಮೊದಲು ಕೌದಿಯ ಹೊದಿಕೆಗೆ ಮೇಣ ತಿಕ್ಕಿದಳು. ಇಲಿ ವಾಯರು ಕಡಿಯದ ಹಾಗೆ ಬೇವಿನ ಸೊಪ್ಪು ಇಟ್ಟಳು.

ಅಮಾವಾಸ್ಯೆಗೊಮ್ಮೆ ಇಂಜಿನ್ನು ಸುರು ಮಾಡುವುದು. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿಗೆ ನೊಗ ಇಡುವುದಿಲ್ಲ, ಬಂಡಿ ತೊಳೆದು ಪೂಜೆ ಮಾಡುತ್ತಾರೆ. ಅಕ್ಕ ಮೋಟಾರು ತೊಳೆದು ವಿಭೂತಿ ಹಚ್ಚಿ, ಎರಡು ಹನಿ ಪೆಟ್ರೋಲು ತೋರಿಸಿ, ಸೀರೆಯ ಕಚ್ಚೆ ಬಿಗಿದು ತಾನೇ ಹ್ಯಾಂಡಲ್ ತಿರುವುವಳು. ಹತ್ತಿಕೊಂಡಿತೆಂದರೆ ಆಮೇಲೆ ಚಿಮಣಿ ಎಣ್ಣೆಯ ಮೇಲೆ ಓಡುತ್ತಿತ್ತು. ಗುಡುಗುಡು ಸದ್ದು ಕೇಳಿದರೆ ಓಣಿಯವರು, "ಇವತ್ತು ಅಮಾಸಿ ಏನವ್ವ" ಎಂದು ನೆನಪು ಮಾಡಿಕೊಳ್ಳುತ್ತಿದ್ದರಂತೆ. ಕಲ್ಲಿನ ಮೇಲೆ ನಿಂತು ಎಲ್ಲಿಗೂ ಹೋಗದೆ ಕುಲುಕುವ ಆ ಮೋಟಾರನ್ನು ನೋಡಿ ನಗದವರು ಯಾರು? ಭಾವ ಅಂದು ಬೆಳಿಗ್ಗೆಯೇ ಅಂಗಡಿಗೆ ಹೋಗಿಬಿಡುತ್ತಿದ್ದರು, ನೋಡುತ್ತಿರಲಿಲ್ಲ. ಆದರೆ ಯುದ್ಧ ಸುರುವಾಗಿ ಚಿಮಣಿ ಎಣ್ಣೆಗೆ ಊರೆಲ್ಲ ಪರದಾಡುವಾಗಲೂ ಮೋಟಾರಿನ ಪಕ್ಕದ ಎಣ್ಣೆಯ ಡಬ್ಬಿ ಒಮ್ಮೆಯೂ ಬರಿದಾಗಲಿಲ್ಲ. ಅಕ್ಕ ಅದನ್ನು ತರಲು ಎಂದೂ ಹೋದವಳಲ್ಲ. ಮತ್ತೆ ಯಾರು ತುಂಬುತ್ತಿದ್ದರು? ಆಕೆಯೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇತ್ತ ಇರಕಲ್ಲಗಡದಲ್ಲಿ ನನ್ನ ಪಾಡು ಕೇಳಿ. ನಮ್ಮವರು ಮುಂದಿನ ಬೇಸಿಗೆ ಬಂದದ್ದೇ ಟಾಯರು ಬಿಚ್ಚಿ ನಾಲ್ಕೂ ಗಾಲಿಯನ್ನು ಕೆರೆಗೆ ಉರುಳಿಸಿಕೊಂಡು ಹೋಗಿ ನೀರಲ್ಲಿ ನೆನೆಹಾಕಿದರು. ಬಿಸಿಲಿಗೆ ಕಟ್ಟಿಗೆ ಒಣಗಿದರೆ ಕಡ್ಡಿ ಸಡಿಲಾಗುತ್ತದಲ್ಲ, ಬಂಡಿಯ ಗಾಲಿಗೆ ಮಾಡುವ ಹಾಗೆಯೇ. ಟಾಯರು ಬಿಸಿಲಿಗೆ ಬಿರಿಯಬಾರದೆಂದು ಅವನ್ನು ತಂಪಿರುವ ಹಗೇವಿನಲ್ಲಿ, ಜೋಳ ತುಂಬುವ ನೆಲದ ಕುಣಿಯಲ್ಲಿ ಇಳಿಸಿದರು! ಅದೇ ಕುಣಿಗೆ ಆಮೇಲೆ ಜೋಳ ಹಾಕಿದರೆ ರೊಟ್ಟಿಯೆಲ್ಲ ರಬ್ಬರು ರಬ್ಬರು. ನನಗೆ ಮೈಯೆಲ್ಲ ಉರಿಯಿತು.

"ಬಂಡಿ ಇಲ್ಲದ ಗಾಲಿಗೆ ಇಷ್ಟು ಜ್ವಾಪಾನ ಯಾತಕ್ರಿ? ಒಲಿಗೆ ಹಾಕ್ರಿ, ನೀರರ ಕಾಯ್ತಾವ."

"ಕಟ್ಟಿಗಿ ಒಣಗಿದ್ರ ಬಿರಿತೈತಿ" ಎಂದರು. ಪ್ರತಿ ಬೇಸಿಗೆಗೂ ಅದೇ ಕೆಲಸ, ಅದೇ ಉತ್ತರ. ನಾನು ಬೈಯುವುದನ್ನು ಬಿಟ್ಟೆ, ಜೋಳವನ್ನು ಬೇರೆ ಹಗೇವಿಗೆ ಹಾಕಿಸಿದೆ.

ಎರಡೂ ಕಡೆ ಹೀಗೆ ನಡೆದಿತ್ತು. ಅವರದು ಇವರಿಗೆ ಗೊತ್ತಿಲ್ಲ, ಇವರದು ಅವರಿಗೆ ಗೊತ್ತಿಲ್ಲ. ಮದುವೆ, ಸಾವುಗಳಲ್ಲಿ ಎದುರಾದರೆ ಅಣ್ಣ ಕಂಬದ ಆಚೆ, ತಮ್ಮ ಕಂಬದ ಈಚೆ. ಅಕ್ಕ ಮಾತ್ರ ನಡುವೆ ನಿಂತು ಊಟಕ್ಕೆ ಏಳಿರಿ ಎಂದು ಇಬ್ಬರಿಗೂ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು.

ನಲವತ್ತೆರಡರ ಒಂದು ಅಮಾವಾಸ್ಯೆಗೆ ಮೋಟಾರು ಅಕ್ಕನನ್ನು ಒದ್ದಿತು. ಸ್ಟೇರಿಂಗಿನ ಕೆಳಗೆ ಒಂದು ಕಡ್ಡಿಯಿತ್ತು. ಹ್ಯಾಂಡಲ್ ಹೊಡೆಯುವ ಮೊದಲು ಅದನ್ನು ಮೇಲಕ್ಕೆ ಸರಿಸಿಡಬೇಕು, ಇಲ್ಲದಿದ್ದರೆ ಇಂಜಿನ್ನು ಹಿಂದಕ್ಕೆ ತಿರುಗಿ ಹ್ಯಾಂಡಲ್ ಕೈಗೆ ಬಡಿಯುತ್ತದೆ. ಅಕ್ಕ ಸರಿಸಿಯೇ ಇಟ್ಟಿದ್ದಳು. ಸವೆದ ಕಡ್ಡಿ ತಾನೇ ಜಾರಿತ್ತು. ಹೆಬ್ಬೆರಳು ಮುರಿಯಿತು. ಎಲುಬು ಕೂಡಿಸುವವನು ಬಂದು ಬಿದಿರ ಚಕ್ಕೆ ಇಟ್ಟು ಕಟ್ಟಿದ. ಅಂಗಡಿಯಿಂದ ಓಡಿಬಂದ ಭಾವ ಆ ಕೈ ನೋಡಿದರು, ಮೋಟಾರು ನೋಡಿದರು.

"ಇದು ಮನ್ಯಾಗ ಇರೂ ತನಕ ನೀ ಬಿಡಾಂಗಿಲ್ಲ. ಇವತ್ತು ಬೆರಳು, ನಾಳೆ ಕೈ. ಸಾಕು, ಕೊಟ್ಟುಬಿಡ್ತೀನಿ."

"ಬ್ಯಾಡ್ರಿ. ಬೆರಳು ಕೂಡ್ತೈತ್ರಿ" ಎಂದಳು ಅಕ್ಕ. ಅವರು ಕೇಳಲಿಲ್ಲ.

ಗಂಗಾವತಿಯ ಶಫೀಸಾಬ ಎಂಬಾತ ಹಿಟ್ಟಿನ ಗಿರಣಿ ಹಾಕಬೇಕೆಂದು ಇಂಜಿನ್ನು ಹುಡುಕುತ್ತಿದ್ದ. ಭಾವ ಅವನಿಗೆ ಮಾತು ಕೊಟ್ಟರು. ಮುಂದಿನ ಅಮಾವಾಸ್ಯೆಗೆ ಬಂದು ಇಂಜಿನ್ನು ನಡೆಯುವುದನ್ನು ನೋಡಿ ಒಯ್ಯುವುದು ಎಂದು ಗೊತ್ತಾಯಿತು. ಇಂಜಿನ್ನು ಹೋದರೆ ಮುಂದೆ ಕೂಡಿಸಲು ಏನೂ ಉಳಿಯುವುದಿಲ್ಲ. ಅಕ್ಕನಿಗೆ ಅದನ್ನು ಕೆಡಿಸಿಡುವುದು ಎಷ್ಟರ ಮಾತು? ಒಂದು ಸಣ್ಣ ಮೊಳೆ ಸಡಿಲಿಸಿದ್ದರೆ ಯಾವ ಶಫೀಸಾಬನ ಅಪ್ಪನಿಗೂ ಅದು ಸುರುವಾಗುತ್ತಿರಲಿಲ್ಲ. ಆ ಮೊಳೆಯ ಮೇಲೆ ಕೈ ಇಟ್ಟಿದ್ದೆ ಎಂದು ಆಮೇಲೆ ಅಕ್ಕ ನನಗೆ ಹೇಳಿದಳು. "ಇಷ್ಟು ವರ್ಷ ಜ್ವಾಪಾನ ಮಾಡಿ ನಾನ ಕೆಡಸಲೇನ? ಕೈ ಬರಲಿಲ್ಲವ್ವ" ಎಂದಳು. ಕೆಡಿಸುವ ಬದಲು, ಮುರಿದ ಕೈಯಲ್ಲೇ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪಿಲಗು ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ತೊಳೆದು ಹಾಕಿದಳು.

ಶಫೀಸಾಬ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ ತನ್ನ ಟಾಂಗಾ ನಿಲ್ಲಿಸಿ ನಮ್ಮ ಮನೆಗೆ ಬಂದ. ನಗುಮುಖದ ಮನುಷ್ಯ.

"ಸಾವಕಾರ್ರ, ಮೋಟಾರಿನ ಗಾಲಿ ನಿಮ್ಮ ಹಂತ್ಯಾಕ ಅದಾವಂತ. ಹಿಂದಿನ ಒಂದು ಗಾಲಿ ಕೊಡ್ರಿ. ಅದಕ್ಕ ಪಟ್ಟಾ ಹಾಕಿದ್ರ ಗಿರಣಿ ತಿರಗತೈತ್ರಿ."

"ಯಾವ ಮೋಟಾರು?" ಎಂದರು ನಮ್ಮವರು.

"ನಿಮ್ಮ ಅಣ್ಣಾರದ. ಪಾಪ, ನಿಮ್ಮ ಅತ್ತಿಗೆವ್ರು ಹ್ಯಾಂಡಲ್ ಹೊಡಿಯಾಕ ಹೋಗಿ ಹೆಬ್ಬಟ್ಟು ಮುರಕೊಂಡಾರ. ಅದಕ್ಕ ಕೊಡಾಕ ಹತ್ಯಾರ."

ನಮ್ಮವರು ಕೂತಲ್ಲಿಂದ ಎದ್ದರು. "ಆಕಿ ಯಾಕ ಹ್ಯಾಂಡಲ್ ಹೊಡೀತಾಳ? ಗಾಲಿನ ಇಲ್ಲಲ್ಲ!"

"ಯಾ ಅಲ್ಲಾ, ನಿಮಗ ಗೊತ್ತ ಇಲ್ಲೇನ್ರಿ? ನೀವು ಬಿಟ್ಟು ಬಂದಾಗಿನಿಂದ ಪ್ರತಿ ಅಮಾಸಿಗೆ ಸುರು ಮಾಡ್ತಾರಂತ. ಊರ ಮಂದಿಗೆಲ್ಲ ಗೊತ್ತೈತಿ."

ನಮ್ಮವರು ಹೋಗಿ ಬಂಡಿಯನ್ನು ಅಂಗಳಕ್ಕೆ ಎಳೆದು ನಿಲ್ಲಿಸಿದರು. ಆಮೇಲೆ, "ನೀವು ಮುಂದ ನಡೀರಿ. ಗಾಲಿ ನಾನ ತರ್ತೀನಿ" ಎಂದರು. ಶಫೀಸಾಬ ಖುಷಿಯಿಂದ ಸಲಾಮು ಹೊಡೆದು ಹೋದ. ನಾವು ನಾಲ್ಕೂ ಗಾಲಿಗೆ ಟಾಯರು ಏರಿಸಿ ಬಂಡಿಗೆ ಹೇರಿದೆವು. ಕೊಡಲಿಕ್ಕೆ ಹೊರಟರೋ ಕೂಡಲಿಕ್ಕೆ ಹೊರಟರೋ ನನಗೆ ಗೊತ್ತಿಲ್ಲ. ಕೇಳಿದರೆ, "ಸುಮ್ನ ಕುಂದ್ರು" ಎಂದರು. ಮಂಗಳೂರು ಎಂಬ ಹಳ್ಳಿ, ಸಮುದ್ರದ ದಂಡೆಯದಲ್ಲ, ನಮ್ಮ ಸೀಮೆಯದೇ, ಅದನ್ನು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ ಅಲ್ಲಿಯ ನೆಂಟರ ಮನೆಯಲ್ಲಿ ಇಳಿದೆವು. ಬೆಳಗಾದರೆ ಅಮಾವಾಸ್ಯೆ. ನೆಂಟರು ಎತ್ತು ಬಿಡಲೊಲ್ಲರು, "ಅಮಾಸಿ ದಿನ ನೊಗ ಇಡತಾರೇನೋ ಹುಚ್ಚಾ!" ಎಂದು ಬೈದರು. ನಮ್ಮವರು ಎತ್ತುಗಳ ಕಾಲು ತೊಳೆದು, ಕೈಮುಗಿದು, ತಪ್ಪಾಯಿತು ಎಂದು ಹೇಳಿ ನೊಗ ಇಟ್ಟರು. ಜನ್ಮದಲ್ಲಿ ಹಾಗೆ ಮಾಡಿದವರಲ್ಲ. ಆಗ ನನಗೆ ಎದೆ ಹಗುರಾಯಿತು. ಗಾಲಿ ಮಾರಲಿಕ್ಕೆ ಯಾರೂ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ.

ಯಲಬುರ್ಗಾದ ಮನೆಯ ಅಂಗಳಕ್ಕೆ ಬಂಡಿ ಹೋದಾಗ ಅಕ್ಕ ಮೋಟಾರಿಗೆ ವಿಭೂತಿ ಹಚ್ಚುತ್ತಿದ್ದಳು, ಎಡಗೈಯಲ್ಲಿ. ಬಲಗೈ ಚಿಂದಿಯಲ್ಲಿ ಕಟ್ಟಿತ್ತು. ಹೆಣ್ಣು ಒಪ್ಪಿಸುವ ತಾಯಿಯ ಹಾಗೆ ಶಫೀಸಾಬನಿಗೆ ಹೇಳುತ್ತಿದ್ದಳು: "ಬಿಸಿಲಾಗ ನಿಲ್ಲಸಬ್ಯಾಡ್ರಿ. ನೀರು ಸೋರಿದ್ರ ಜ್ವಾಳದ ಹಿಟ್ಟು ಹಾಕ್ರಿ, ಭಾಳ ಹಾಕಬ್ಯಾಡ್ರಿ." ಭಾವ ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಮುಖ ತಿರುಗಿಸಲಿಲ್ಲ, ಬಾ ಎಂದೂ ಅನ್ನಲಿಲ್ಲ.

ನಮ್ಮವರು ಗಾಲಿ ಇಳಿಸಿ ಮುಂದಿನ ಅಚ್ಚಿನ ಹತ್ತಿರ ಕೂತರು. ಸೀರೆಯ ಚಿಂದಿ ಬಿಚ್ಚಿದರೆ ಒಳಗಿನ ಕಬ್ಬಿಣ ಹೊಸದರ ಹಾಗೆ ಎಣ್ಣೆಯಲ್ಲಿ ಮಿರಿಮಿರಿ ಎನ್ನುತ್ತಿತ್ತು. ಆ ಚಿಂದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಟ್ಟರು. ಅಕ್ಕ ಬಂದು ಗಾಲಿಯ ಕಡ್ಡಿಯೊಂದನ್ನು ಹಿಡಿದು ಅಲುಗಿಸಿ ನೋಡಿದಳು. ಇನ್ನೊಂದು ಅಲುಗಿಸಿದಳು. ಒಂದೂ ಸಡಿಲಿರಲಿಲ್ಲ.

"ಬಿಸಲಿಗೆ ಒಣಗಿಲ್ಲಲ್ಲೋ ಇವು?"

"ಬ್ಯಾಸಿಗ್ಯಾಗ ಕೆರ್ಯಾಗ ನೆನಿಹಾಕಿದ್ನಿ."

"ಎಲ್ಲಾ ಬ್ಯಾಸಿಗ್ಯಾಗೂ?"

"ಹೂಂ."

ನಾನು ಸುಮ್ಮನಿರುತ್ತೇನೆಯೇ? "ಟಾಯರು ಹಗೇವಿನ್ಯಾಗ ಇಟ್ಟಿದ್ರು ಅಕ್ಕಾ. ರಬ್ಬರಿನ ರೊಟ್ಟಿ ತಿಂದೀನಿ ನಾನು" ಎಂದೆ. ಅಕ್ಕ ನಕ್ಕಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು.

ನಾಲ್ಕೂ ಗಾಲಿ ಕೂತವು, ಕಲ್ಲು ತೆಗೆದರು, ಮೋಟಾರು ನೆಲಕ್ಕಿಳಿಯಿತು. ಶಫೀಸಾಬ ನಮ್ಮೆಲ್ಲರ ಮುಖ ನೋಡಿ ಭಾವನ ಕಡೆಗೆ ತಿರುಗಿದ. "ಸಾವಕಾರ್ರ, ನೀವು ಕೊಟ್ಟ ಮಾತು ನಿಮಗ ತಿರುಗಿ ಕೊಟ್ಟೀನ್ರಿ. ಇದನ್ನ ಒಯ್ದು ಗಿರಣಿ ಹಾಕಿದ್ರ ಆ ಹಿಟ್ಟು ನನಗ ದಕ್ಕೂದಿಲ್ಲ. ಆದ್ರ ಒಂದ ಸಲ ಕುಂದರಸ್ರಿ ನನ್ನ." ಅಂಥ ಮನುಷ್ಯ ಅವನು. ಮುಂದೆ ಬೇರೆ ಇಂಜಿನ್ನು ತಂದು ಗಿರಣಿ ಹಾಕಿದ, ಚೆನ್ನಾಗಿಯೇ ನಡೆಸಿದ.

ನಮ್ಮವರು ರೂಢಿಯಂತೆ ಮುಂದೆ ಹೋಗಿ ಹ್ಯಾಂಡಲ್ ಹಿಡಿದರು. ಕಟ್ಟೆಯ ಮೇಲಿಂದ ಭಾವ ಎದ್ದು ಬಂದರು. ರುಮಾಲು ತೆಗೆದು ಅಕ್ಕನ ಕೈಗೆ ಕೊಟ್ಟರು. ತಮ್ಮನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡರು.

"ಸರಿ ಅತ್ತಾಗ. ಹೋಗಿ ಮ್ಯಾಲ ಕುಂದ್ರು."

"ಅಣ್ಣಾ, ನಾ…"

"ಕುಂದ್ರಂದ್ನಲ್ಲ. ನಡಸೂದು ನೀನ."

ನಮ್ಮವರು ಹೋಗಿ ಸ್ಟೇರಿಂಗಿನ ಮುಂದೆ ಕೂತರು. ಅಕ್ಕ ಕೂಗಿದಳು: "ಕಡ್ಡಿ ಮ್ಯಾಲಿಡೋ ಅಂದಪ್ಪ! ದಾರ ಕಟ್ಟೀನಿ ನೋಡು, ಜಾರಾಂಗಿಲ್ಲ. ನಿಮ್ಮಣ್ಣನ ಕೈ ಜ್ವಾಪಾನ!" ಎಂದೂ ಹ್ಯಾಂಡಲ್ ಮುಟ್ಟದ ಭಾವ ಅದನ್ನು ತಿರುವಿದರು, ಬೆವರಿದರು, ಮೋಟಾರಿಗೆ ಬೈದರು, ಮತ್ತೆ ತಿರುವಿದರು. ಓಣಿಯ ಮಂದಿಯೆಲ್ಲ ಬಂದು ನಿಂತರು. ಕೊನೆಗೆ ಅದು ಹತ್ತಿಕೊಂಡಿತು. ಭಾವ ತಮ್ಮನ ಪಕ್ಕಕ್ಕೆ ಹತ್ತಿ ಕೂತರು, ಅಕ್ಕ ಮತ್ತು ನಾನು ಹಿಂದೆ, ಶಫೀಸಾಬ ಪಾವಟಿಗೆಯ ಮೇಲೆ ನಿಂತ. ಮೋಟಾರು ಮನೆಯಿಂದ ಹೊರಬಿತ್ತು, ಓಣಿ ದಾಟಿತು, ಊರ ಮುಂದಕ್ಕೆ ಬಂತು.

ಅಲ್ಲಿ ಬೇವಿನ ಗಿಡವಿತ್ತು. ರಸ್ತೆಯೆಲ್ಲ ಖಾಲಿ ಬಿದ್ದಿತ್ತು, ಬೇಕಾದಷ್ಟು ಜಾಗವಿತ್ತು. ಆದರೂ ನಮ್ಮವರು ನೆಟ್ಟಗೆ ಒಯ್ದು ಅದಕ್ಕೇ ಹೊಡೆದರು.

ಭಾರಿ ಪೆಟ್ಟೇನಲ್ಲ. ಮುಂದಿನ ಮಡ್‌ಗಾರ್ಡು ತಗ್ಗಾಯಿತು, ಇಂಜಿನ್ನು ಬಂದಾಯಿತು, ತಲೆಯ ಮೇಲೆ ಬೇವಿನ ಎಲೆ ಉದುರಿದವು. ಶಫೀಸಾಬ ಹಾರಿ ಆಚೆ ನಿಂತಿದ್ದ. ಭಾವ ಬಾಯಿ ತೆರೆದರು. ಮತ್ತೆ ಪಂಚರು ಬರುತ್ತಾರೆ ಎಂದು ನನಗೆ ಅನಿಸಿತು. ಆದರೆ ಅವರ ಬಾಯಿಂದ ಮಾತು ಹೊರಡುವ ಮೊದಲೇ ಅಕ್ಕ ಹಿಂದಿನಿಂದ ಅವರ ಹೆಗಲ ಮೇಲೆ ಕೈ ಇಟ್ಟಳು. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಡಿದಳು.

"ಹೊಡೀಲಿ ಬಿಡ್ರಿ. ನಾ ರಿಪೇರಿ ಮಾಡ್ತೀನಿ."

ಭಾವ ತೆರೆದ ಬಾಯಿ ಹಾಗೆಯೇ ಮುಚ್ಚಿದರು. ತಲೆಯ ಮೇಲಿನ ಬೇವಿನ ಎಲೆ ಕೊಡವಿಕೊಂಡು, "ಬ್ರೇಕ ಒತ್ತೂಮುಂದ ಹೋ ಹೋ ಅನ್ನಬೇಕೋ ಮಂಗ್ಯಾ" ಎಂದರು. ನಮ್ಮವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಗಾಬರಿಯಾಗಿ ಹಿಂದಕ್ಕೆ ತಿರುಗಿ ಅಕ್ಕನ ಕಟ್ಟಿದ ಕೈ ನೋಡುತ್ತಿದ್ದರು.

"ಯವ್ವಾ, ಕೈಗೆ ಪೆಟ್ಟು ಹತ್ತಿತೇನ?"

"ಇಲ್ಲೋ ಮಗನ" ಎಂದಳು ಅಕ್ಕ. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಆಕೆ ಅತ್ತದ್ದನ್ನು ನಾನು ಮೊದಲು ನೋಡಿದ್ದು ಅಂದೇ.

ಮೋಟಾರು ಆಮೇಲೆ ಎರಡೂ ಮನೆಗೆ ಬಹಳ ಓಡಾಡಿತು. ಮುಂದಿನ ಪಂಚಮಿಗೆ ನಾನು ಅದರಲ್ಲೇ ನವಲಿಗೆ ಹೋದೆ. ಅಕ್ಕ ಅದರ ನೀರಿನ ಡಬ್ಬಿ, ಪಂಪು, ಹೊದಿಕೆ ಎಲ್ಲವನ್ನೂ ಕೊನೆಯವರೆಗೆ ರಿಪೇರಿ ಮಾಡಿದಳು. ಮಡ್‌ಗಾರ್ಡಿನ ಆ ತಗ್ಗನ್ನು ಮಾತ್ರ ಬಡಿದು ಸರಿಮಾಡಲಿಲ್ಲ. ಯಾಕಕ್ಕಾ ಎಂದು ಕೇಳಿದರೆ, "ಇರ್ಲಿ ಬಿಡು" ಎಂದು ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.